ಎಲ್ಲಿಂದಲೋ ಕಾಪಾಡಿ ತಂದ ಗೋಲ್ಡ್‌ಫಿಶ್ ಹುಷಾರು ತಪ್ಪಿದ್ರೆ: ಮೊದಲು ನೀರು ನೋಡಿ, ಆಮೇಲೆ ಮೀನು

ಕೋಲಾರ, ಚಿಂತಾಮಣಿ, ಶ್ರೀನಿವಾಸಪುರ ಕಡೆಯಿಂದ ನಂಗೆ ಬರೋ ಫೋನೆಲ್ಲಾ ಹೆಚ್ಚೂ ಕಮ್ಮಿ ಒಂದೇ ಥರ ಇರತ್ತೆ. ಯಾರೋ ಮನೆ ಖಾಲಿ ಮಾಡ್ತಿದ್ರು, ಇಲ್ಲಾ ಹೋಟೆಲ್ ಕೌಂಟರ್ ಪಕ್ಕದ ಟ್ಯಾಂಕು ತೆಗೆದುಬಿಟ್ರು, ಇಲ್ಲಾ ಬರ್ತ್‌ಡೇ ರಿಟರ್ನ್ ಗಿಫ್ಟ್ ಅಂತ ಬೌಲಲ್ಲಿ ಕೊಟ್ಟಿದ್ದ ಮೀನು ಯಾರಿಗೂ ಬೇಡವಾಯ್ತು, ಪಾಪ ಅಂತ ನಾವು ತಂದ್ವಿ, ಈಗ ತಳದಲ್ಲಿ ಮಲಗಿಬಿಟ್ಟಿದೆ, ಯಾವ ಔಷಧಿ ಹಾಕೋದು ಅಂತ. ಜೊತೆಗೆ ಇನ್ನೊಂದು ಮಾತು ಸೇರಿಸ್ತಾರೆ, "ಅಣ್ಣಾ, ಅಲ್ಲಿ ಆ ಗಲೀಜು ನೀರಲ್ಲಿ ಎರಡು ವರ್ಷ ಚೆನ್ನಾಗೇ ಇತ್ತಂತೆ, ನಮ್ಮನೆ ಒಳ್ಳೇ ನೀರಿಗೆ ಬಿಟ್ಟ ಮಾರನೇ ದಿನಾನೇ ಹಿಂಗಾಯ್ತು."

ಆ ಮಾತಲ್ಲೇ ಅರ್ಧ ಉತ್ತರ ಇದೆ. ತಂದ ಮೊದಲನೇ ವಾರದಲ್ಲಿ ಸಾಯೋ ಮೀನುಗಳಲ್ಲಿ ಹೆಚ್ಚಿನವು ರೋಗದಿಂದ ಸಾಯಲ್ಲ, ನೀರು ಬದಲಾಗಿದ್ದಕ್ಕೆ ಸಾಯ್ತವೆ. ಅದಕ್ಕೇ ಔಷಧಿ ಬಾಟಲು ಮುಟ್ಟೋಕೆ ಮುಂಚೆ ನೀರಿಂದ ಶುರು ಮಾಡಿ ಅಂತ ಇಷ್ಟುದ್ದ ಬರೀತಿರೋದು.

ಹಳೇ ನೀರಲ್ಲಿ ಬದುಕಿದ್ದು ಹೊಸ ನೀರಲ್ಲಿ ಯಾಕೆ ಸಾಯತ್ತೆ

ತಿಂಗಳುಗಟ್ಟಲೆ ನೀರು ಬದಲಾಯಿಸದೇ ಇರೋ ಟ್ಯಾಂಕಲ್ಲಿ ನೀರು ನಿಧಾನಕ್ಕೆ ಹುಳಿ ಕಡೆಗೆ ಹೋಗತ್ತೆ, ಅಂದ್ರೆ ಪಿಎಚ್ ಇಳೀತಾ 6.5ಕ್ಕೋ ಇನ್ನೂ ಕೆಳಕ್ಕೋ ಬಂದಿರತ್ತೆ. ಮೀನಿನ ಹೊಲಸು, ಮಿಕ್ಕಿದ ಊಟ ಕೊಳೆತು ಹುಟ್ಟೋ ಅಮೋನಿಯಾ ಅಷ್ಟು ಕಮ್ಮಿ ಪಿಎಚ್‌ನಲ್ಲಿ ಹೆಚ್ಚೂ ಕಮ್ಮಿ ಪೂರ್ತಿ ಅಮೋನಿಯಂ ಅನ್ನೋ ರೂಪದಲ್ಲಿರತ್ತೆ, ಅದು ಮೀನಿಗೆ ಅಷ್ಟಾಗಿ ವಿಷ ಅಲ್ಲ. ಪಿಎಚ್ ಮೇಲೆ ಹೋದ ಹಾಗೆ ಅದೇ ಅಮೋನಿಯಂ ವಿಷದ ಅಮೋನಿಯಾ ಆಗತ್ತೆ. 25 ಡಿಗ್ರಿ ನೀರಲ್ಲಿ ಲೆಕ್ಕ ಹಾಕಿದ್ರೆ ಪಿಎಚ್ 7ರಲ್ಲಿ ವಿಷದ ಪಾಲು ಸುಮಾರು 0.6%, 8ರಲ್ಲಿ ಸುಮಾರು 5%, 8.5ಕ್ಕೆ ಬಂದ್ರೆ ಸುಮಾರು 15%. ಈಗ ನಮ್ಮ ಕಡೆ ಬೋರ್ ನೀರು ನೆನೆಸಿಕೊಳ್ಳಿ, ಗಡಸು ನೀರು, ಬಕೆಟ್ ಒಳಗೆಲ್ಲಾ ಬಿಳೀ ಪದರ ಕಟ್ಟತ್ತೆ, ಒಂದು ದಿನ ಗಾಳಿ ಆಡಿದ್ರೆ ಪಿಎಚ್ 8 ದಾಟೋದು ಮಾಮೂಲು. ಹಳೇ ಟ್ಯಾಂಕಿನ ನೀರಿಗೆ ಇದನ್ನ ಅರ್ಧ ಬಕೆಟ್ ಸುರಿದ್ರಿ ಅಂದ್ರೆ ಅಲ್ಲಿದ್ದ ಅಮೋನಿಯಂನಲ್ಲಿ ಒಂದು ಪಾಲು ಕಣ್ಣೆದುರಿಗೇ ವಿಷ ಆಗತ್ತೆ, ನೀರು ಮಾತ್ರ ನೋಡೋಕೆ ಮುಂಚೆಗಿಂತ ತಿಳಿಯಾಗಿರತ್ತೆ.

ಹಾಗಾಗಿ ಹಳೇ ನೀರಿಗೆ ಹೊಸ ನೀರು ಸುರಿಯೋದಲ್ಲ, ಮೀನನ್ನ ಹಳೇ ನೀರಿಂದ ಎತ್ತಿ ಅಮೋನಿಯಾ ಇಲ್ಲದ ಬೇರೆ ನೀರಿಗೆ ಬಿಡಬೇಕು. ಆದ್ರೆ ಆ ಬೇರೆ ನೀರು ತೀರಾ ಬೇರೆ ಆಗಿರಬಾರದು. ಇಲ್ಲಿ ನಮಗೆ ಸಹಾಯಕ್ಕೆ ಬರೋದು ಎಷ್ಟೋ ಮನೇಲಿರೋ ಟಿಡಿಎಸ್ ಮೀಟರು, ಅಂದ್ರೆ ನೀರಲ್ಲಿ ಲವಣ ಎಷ್ಟು ಕರಗಿದೆ ಅಂತ ತೋರಿಸೋದು. ಹಳೇ ಟ್ಯಾಂಕಿನ ನೀರಿಗೆ ಅದ್ದಿ ನೋಡಿ, ಉದಾಹರಣೆಗೆ 400 ತೋರಿಸ್ತು ಅಂದ್ಕೊಳ್ಳಿ, ನಿಮ್ಮ ಬೋರ್ ನೀರು 900 ಇದ್ರೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಬೆರೆಸಿ ಬೆರೆಸಿ 400 ಹತ್ರಕ್ಕೆ ತಂದ್ಕೊಳ್ಳಿ. ಆಮೇಲೆ ವಾರ ಹತ್ತು ದಿನ ತಗೊಂಡು ದಿನಾ ಸ್ವಲ್ಪ ಸ್ವಲ್ಪ ಬೋರ್ ನೀರು ಜಾಸ್ತಿ ಮಾಡ್ತಾ ಹೋದ್ರೆ ಮೀನು ನಮ್ಮ ನೀರಿಗೆ ಒಗ್ಗಿಕೊಳ್ಳತ್ತೆ, ಗೋಲ್ಡ್‌ಫಿಶ್‌ಗೆ ಗಡಸು ನೀರು ನಿಜಕ್ಕೂ ಇಷ್ಟಾನೇ. ಬರೀ ಕ್ಯಾನ್ ನೀರಲ್ಲೇ ಬಿಡೋದು ಮಾತ್ರ ಬೇಡ, ಅದರಲ್ಲಿ ಖನಿಜಾಂಶ ಇರಲ್ಲ, ಕೆಲವೇ ದಿನದಲ್ಲಿ ಪಿಎಚ್ ದಬಕ್ ಅಂತ ಕುಸಿಯತ್ತೆ.

ಬೆಂಗಳೂರಿಂದ ಕವರ್ ಕಟ್ಟಿಸಿಕೊಂಡು ಗಂಟೆಗಟ್ಟಲೆ ಬಸ್ಸಲ್ಲಿ ತಂದ ಮೀನಿಗೂ ಇದೇ ಮಾತು. ಕಟ್ಟಿದ ಕವರೊಳಗೆ ಮೀನು ಬಿಟ್ಟ ಉಸಿರಿಂದ ಪಿಎಚ್ ಇಳಿದಿರತ್ತೆ, ಗಂಟು ಬಿಚ್ಚಿದ ತಕ್ಷಣ ಗಾಳಿ ತಾಗಿ ಏರೋಕೆ ಶುರು ಆಗತ್ತೆ. ಕವರ್ ಬಿಚ್ಚೋಕೆ ಮುಂಚೆ ಹತ್ತಿಪ್ಪತ್ತು ನಿಮಿಷ ನೀರ ಮೇಲೆ ತೇಲಿಬಿಟ್ಟು ಬಿಸಿ ತಂಪು ಸಮ ಮಾಡಿ, ಬಿಚ್ಚಿದ ಮೇಲೆ ತಡ ಮಾಡದೆ ಮೀನನ್ನ ಕೈಯಲ್ಲೋ ಮೆತ್ತನೆ ಬಲೆಯಲ್ಲೋ ಎತ್ತಿ ಟಬ್ಬಿಗೆ ಬಿಡಿ, ಕವರ್ ನೀರು ಚೆಲ್ಲಿಬಿಡಿ.

ಆಸ್ಪತ್ರೆ ಟಬ್ಬು

ಹುಷಾರಿಲ್ಲದ ಮೀನನ್ನ ಬೇರೆ ಇಟ್ಟು ನೋಡ್ಕೊಳ್ಳೋ ಟಬ್ಬಿದು, ದೊಡ್ಡ ಖರ್ಚೇನೂ ಬೇಕಾಗಿಲ್ಲ. ಒಂದು 50 ಲೀಟರ್ ಪ್ಲಾಸ್ಟಿಕ್ ಟಬ್ಬು, ಸೋಪು ಫಿನಾಯಿಲು ಯಾವತ್ತೂ ಹಾಕದೇ ಇರೋದು, ಒಂದು ಏರ್ ಪಂಪು, ಒಂದು ಸ್ಪಾಂಜ್ ಫಿಲ್ಟರು. ಆ ಸ್ಪಾಂಜು ಈಗಾಗಲೇ ನಡೀತಿರೋ ಟ್ಯಾಂಕಿಂದ ಬಂದಿದ್ರೆ ತುಂಬಾ ಒಳ್ಳೇದು, ಅದರಲ್ಲಿ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಇರತ್ತೆ, ಹೊಸ ಸ್ಪಾಂಜಲ್ಲಿ ಅವು ಬೆಳೆಯೋಕೆ 4ರಿಂದ 6 ವಾರ ಬೇಕು. ಗೊತ್ತಿರೋರ ಟ್ಯಾಂಕಿಂದ ಕೇಳಿ ಇಸ್ಕೊಳ್ಳಿ, ಆದ್ರೆ ಅವರ ಮೀನು ಆರೋಗ್ಯವಾಗಿದಾವಾ ಅಂತ ವಿಚಾರಿಸಿ.

ನೀರೆಷ್ಟು ಅನ್ನೋದು ಅಂದಾಜಲ್ಲಿ ಬೇಡ. ಗಾಜಿನ ಟ್ಯಾಂಕಾದ್ರೆ ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿ, ಬಂದಿದ್ದು ಲೀಟರು. ಟಬ್ಬಾದ್ರೆ ಅಳತೆ ಬಕೆಟಲ್ಲೇ ತುಂಬಿಸಿ, ತುಂಬಿದ ಕಡೆ ಮಾರ್ಕರಲ್ಲಿ ಗೆರೆ ಎಳೀರಿ. ಮುಂದೆ ಉಪ್ಪಿನಿಂದ ಹಿಡಿದು ಔಷಧಿ ತನಕ ಎಲ್ಲಾ ಲೆಕ್ಕ ಈ ಗೆರೆ ಮೇಲೇ ನಿಂತಿರತ್ತೆ.

ನಲ್ಲಿ ನೀರು, ಟ್ಯಾಂಕರ್ ನೀರು ಆದ್ರೆ ಕ್ಲೋರಿನ್ ಇರಬಹುದು, ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕೋ ಮನೆಗಳೂ ಇವೆ. ಏರ್ ಪಂಪ್ ಬಿಟ್ಟು ಒಂದು ದಿನ ಇಟ್ರೆ ಹೋಗತ್ತೆ, ಅರ್ಜೆಂಟಿದ್ರೆ ಅಕ್ವೇರಿಯಂ ಅಂಗಡೀಲಿ ಆಂಟಿ ಕ್ಲೋರಿನ್ ಅಂತ ಕೊಡ್ತಾರಲ್ಲ, ಅದು. ಬೋರಿಂದ ಆಗ ತಾನೇ ಬಂದ ನೀರಲ್ಲೂ ಆಕ್ಸಿಜನ್ ಕಮ್ಮಿ, ಅದನ್ನೂ ಒಂದು ದಿನ ಗಾಳಿ ಆಡಿಸಿಯೇ ಉಪಯೋಗಿಸಿ.

ಮೊದಲ ಎರಡು ದಿನ ಊಟ ಹಾಕಬೇಡಿ. ಹಸ್ಕೊಂಡಿದೆ ಅಂತ ಕರುಳು ಚುರುಕ್ ಅನ್ನತ್ತೆ, ನಂಗೆ ಗೊತ್ತು, ಆದ್ರೆ ದೊಡ್ಡ ಗೋಲ್ಡ್‌ಫಿಶ್ ಒಂದು ವಾರ ಊಟ ಇಲ್ದೆ ಆರಾಮಾಗಿರತ್ತೆ, ನೀವು ಹಾಕಿದ ಒಂದೊಂದು ಕಾಳೂ ಅಮೋನಿಯಾ ಆಗೋದು ಗ್ಯಾರಂಟಿ.

ಲಕ್ಷಣ ಹಿಡ್ಕೊಂಡು ಹುಡುಕೋದು

ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ ಅಂದ್ರೆ ಮೊದಲು ಏರ್ ಸ್ಟೋನ್, ಅಂದ್ರೆ ಏರ್ ಪಂಪಿನ ಪೈಪಿನ ತುದೀಲಿ ಗಾಳಿ ಗುಳ್ಳೆ ಬಿಡೋ ಕಲ್ಲು, ಇನ್ನೊಂದು ಹಾಕಿ, ಕಾರಣ ಆಮೇಲೆ. ಬೇಸಿಗೇಲಿ ಇದು ಜಾಸ್ತಿ, 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡ್ಕೊಳ್ಳತ್ತೆ, 30 ಡಿಗ್ರಿಗೆ ಅದು 7.5ಕ್ಕೆ ಇಳಿಯತ್ತೆ. ಏಪ್ರಿಲಲ್ಲಿ ಶೀಟ್ ಮನೆ ಒಳಗಿಟ್ಟ ಟಬ್ಬು ಮಧ್ಯಾಹ್ನ ಎಷ್ಟು ಕಾದಿರತ್ತೆ ಅಂತ ಕೈ ಇಟ್ಟು ನೋಡಿ. ಗಾಳಿ ಜಾಸ್ತಿ ಮಾಡಿದ ಅರ್ಧ ಗಂಟೇಲಿ ಕೆಳಗೆ ಇಳಿದ್ರೆ ಆಕ್ಸಿಜನ್ ಕೊರತೆ ಅಂತಾಯ್ತು. ಇಳೀಲಿಲ್ಲ ಅಂದ್ರೆ ನೀರು ಪರೀಕ್ಷೆ ಮಾಡೋ ಟೆಸ್ಟ್ ಕಿಟ್ ತೆಗೀರಿ. ಫಿಲ್ಟರ್ ಬ್ಯಾಕ್ಟೀರಿಯಾ ಅಮೋನಿಯಾನ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು, ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಒಳಗೆ. ಕಾಗದದ ಪಟ್ಟಿಗಿಂತ ಹನಿ ಹಾಕೋ ಕಿಟ್ ನಂಬಿಕೆಗೆ ಅರ್ಹ, ಪಟ್ಟಿಗಳಲ್ಲಿ ಎಷ್ಟೋ ಸಲ ಅಮೋನಿಯಾನೇ ಇರಲ್ಲ, ತಗೊಳ್ಳೋಕೆ ಮುಂಚೆ ನೋಡಿ.

ಅಮೋನಿಯಾ ಬಂದ್ರೆ ಆವತ್ತೇ ಅರ್ಧ ನೀರು ಬದಲಾಯಿಸಿ, ಅದೇ ಪಿಎಚ್ ಅದೇ ಬಿಸಿ ಇರೋ ನೀರಿಂದ, ಮಾರನೇ ದಿನಾನೂ ಅಷ್ಟೇ, ಸೊನ್ನೆ ಬರೋವರೆಗೂ. ಅಮೋನಿಯಾ ಸುಟ್ಟ ಕಡೆ ವಾಸಿ ಆಗ್ತಾ ರೆಕ್ಕೆ ತುದಿ, ಬೆನ್ನ ಮೇಲೆ ಕಪ್ಪು ಮಚ್ಚೆ ಬರತ್ತೆ, ಹೊಸ ಕಾಯಿಲೆ ಅಂತ ಗಾಬರಿ ಬೀಳ್ತಾರೆ ಎಲ್ರೂ, ಅದು ವಾಸಿಯಾಗ್ತಿರೋ ಗುರುತು, ತಾನೇ ಹೋಗತ್ತೆ. ನೈಟ್ರೈಟ್ ಆದ್ರೆ ಕಿವಿರು ಕೆಂಪಿರೋ ಬದಲು ಕಂದು ಬಣ್ಣಕ್ಕೆ ತಿರುಗಿರತ್ತೆ, ರಕ್ತಕ್ಕೆ ಆಕ್ಸಿಜನ್ ಹೊರೋ ಶಕ್ತಿನೇ ಹೋಗಿರತ್ತೆ, ನೀರಲ್ಲಿ ಎಷ್ಟು ಗಾಳಿ ಇದ್ರೂ ಉಪಯೋಗ ಇಲ್ಲ. ಇದಕ್ಕೆ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಹಾಕಿದ್ರೆ ಉಪ್ಪಲ್ಲಿರೋ ಕ್ಲೋರೈಡು ನೈಟ್ರೈಟು ಕಿವಿರೊಳಗೆ ಹೋಗೋದನ್ನ ತಡೆಯತ್ತೆ, ಜೊತೆಗೆ ನೀರೂ ಬದಲಾಯಿಸಬೇಕು.

ಕಿಟ್ಟಲ್ಲಿ ಎಲ್ಲಾ ಸರಿ ಇದೆ, ಆದ್ರೂ ಮೀನು ಟಬ್ಬಿನ ಗೋಡೆಗೆ ಮೈ ಉಜ್ಜತ್ತೆ, ಒಂದು ಕಡೆ ಕಿವಿರು ಮುಚ್ಚಿಕೊಂಡು ಇನ್ನೊಂದರಲ್ಲೇ ಉಸಿರಾಡತ್ತೆ ಅಂದ್ರೆ ಅನುಮಾನ ಬರಬೇಕಾಗಿದ್ದು ಫ್ಲೂಕ್ ಅನ್ನೋ ಕಣ್ಣಿಗೆ ಕಾಣದ ಹುಳದ ಮೇಲೆ. ಇದಕ್ಕೆ ಪ್ರಾಜಿಕ್ವಾಂಟೆಲ್ ಅನ್ನೋ ಹುಳದ ಔಷಧಿ. ಕಿವಿರಿನ ಫ್ಲೂಕ್ ಮೊಟ್ಟೆ ಇಡತ್ತೆ, ಔಷಧಿ ಮೊಟ್ಟೆಗೆ ತಾಗಲ್ಲ, ಅದಕ್ಕೇ ವಾರ ಬಿಟ್ಟು ಇನ್ನೊಂದು ಸಲ ಹಾಕಲೇಬೇಕು. ನಾಯಿಗೆ ಕೊಡೋ ಜಂತುಹುಳದ ಮಾತ್ರೆ ಪುಡಿ ಮಾಡಿ ಹಾಕೋರಿದಾರೆ, ಅದರಲ್ಲಿ ಬೇರೆ ಔಷಧಿನೂ ಸೇರಿರತ್ತೆ, ಬೇಡ.

ಬಿಳೀ ಚುಕ್ಕೆ ಅಂದ್ರೆ ಇಕ್ ಎಲ್ರಿಗೂ ಗೊತ್ತಿರೋದು, ಉಪ್ಪು ಉದುರಿಸಿದಂಗೆ ಮೈ ತುಂಬಾ ರೆಕ್ಕೆ ತುಂಬಾ. ಮೊದಲು ಒಂದು ವಿಷಯ ನೋಡ್ಕೊಳ್ಳಿ, ಚುಕ್ಕೆ ಬರೀ ಕಿವಿರಿನ ಮುಚ್ಚಳದ ಮೇಲೆ ಮತ್ತೆ ಎದೆ ಪಕ್ಕದ ರೆಕ್ಕೆಯ ಮುಂದಿನ ಅಂಚಲ್ಲಿ ಸಾಲಾಗಿದ್ರೆ, ಮೀನು ಚುರುಕಾಗಿದ್ರೆ, ಅದು ಕಾಯಿಲೆ ಅಲ್ಲ, ಗಂಡು ಮೀನು ಮರಿ ಮಾಡೋ ಕಾಲಕ್ಕೆ ಬಂದಿದೆ ಅಷ್ಟೇ. ನಿಜವಾದ ಇಕ್ ಆದ್ರೆ ಲೀಟರಿಗೆ 3 ಗ್ರಾಂ ಕಲ್ಲುಪ್ಪು, ಒಂದೇ ಸಲ ಅಲ್ಲ, 12 ಗಂಟೆಗೊಂದ್ಸಲ ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಮೂರು ಸಲ, ಬೇರೆ ಪಾತ್ರೇಲಿ ಕರಗಿಸಿ. 50 ಲೀಟರಿಗೆ ಒಟ್ಟು 150 ಗ್ರಾಂ. ಉಪ್ಪು ಆವಿ ಆಗಲ್ಲ, ನೀರು ಬದಲಾಯಿಸಿದಾಗ ತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಹಾಕಿ. ಮೈ ಮೇಲಿರೋ ಚುಕ್ಕೆಯೊಳಗಿನ ಹುಳಕ್ಕೆ ಉಪ್ಪು ಏನೂ ಮಾಡಲ್ಲ, ಅದು ಉದುರಿ ತಳದಲ್ಲಿ ಒಡೆದು ಮರಿಗಳು ಈಜೋವಾಗಲೇ ಸಾಯೋದು, ಹಾಗಾಗಿ ಎರಡು ದಿನಕ್ಕೆ ಚುಕ್ಕೆ ಮಾಯ ಆಯ್ತು ಅಂತ ನಿಲ್ಲಿಸಿದ್ರೆ ಮುಂದಿನ ವಾರ ಎರಡರಷ್ಟು ಬರತ್ತೆ. 25 ಡಿಗ್ರಿ ನೀರಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯತ್ತೆ, ಡಿಸೆಂಬರ್ ಜನವರಿ ಚಳೀಲಿ ನೀರು ತಣ್ಣಗಿದ್ದಾಗ ತುಂಬಾ ನಿಧಾನ ಆಗತ್ತೆ, ಆಗ ಉಪ್ಪು ಇನ್ನೂ ಹೆಚ್ಚು ದಿನ ಇಡಬೇಕು. ಎರಡು ವಾರಕ್ಕೆ ಕಮ್ಮಿ ನಾನಂತೂ ಯಾರಿಗೂ ಹೇಳಲ್ಲ.

ಆಂಕರ್ ವರ್ಮ್ ನಮ್ಮ ಕಡೆ ಗೋಲ್ಡ್‌ಫಿಶ್‌ಗಳಲ್ಲಿ ತುಂಬಾ ಸಾಮಾನ್ಯ, ಹೊರಗಿನ ಕೊಳದಲ್ಲಿ ಸಾಕಿ ಮಾರೋ ಮೀನಿನ ಜೊತೆಗೇ ಬಂದಿರತ್ತೆ. ಮೈಯಿಂದ ಒಂದು ಬಿಳೀ ದಾರ ನೇತಾಡ್ತಿರತ್ತೆ, ಬುಡದಲ್ಲಿ ಕೆಂಪಗೆ ಊದಿರತ್ತೆ, ತುದೀಲಿ ಕವಲೊಡೆದಂಗೆ ಎರಡು ಸಣ್ಣ ಮೊಟ್ಟೆ ಚೀಲ. ಮುಳಬಾಗಿಲು ರಸ್ತೆ ಹೋಟೆಲೊಂದರಿಂದ ಬಂದ ರೆಡ್ ಕ್ಯಾಪ್ ಓರಾಂಡಾ ಅನ್ನೋ ತಳಿಯ ಗೋಲ್ಡ್‌ಫಿಶ್‌ಗೆ ಬೆನ್ನ ರೆಕ್ಕೆ ಬುಡದಲ್ಲೇ ಇಂಥದ್ದೊಂದು ಕೂತಿತ್ತು. ತೆಗೆಯೋದು ಹೀಗೆ: ಟವೆಲ್ ಟ್ಯಾಂಕ್ ನೀರಲ್ಲೇ ಚೆನ್ನಾಗಿ ನೆನೆಸಿ ಅಂಗೈ ಮೇಲೆ ಹಾಸಿ, ಮೀನನ್ನ ಅದರಲ್ಲಿ ಮಡಚಿ, ಕಣ್ಣು ಮುಚ್ಚಿದ್ರೆ ಒದ್ದಾಟ ಕಮ್ಮಿ ಆಗತ್ತೆ. ಪಕ್ಕದ್ಮನೆ ಹುಡುಗಿ ಮೊಬೈಲ್ ಟಾರ್ಚ್ ಹಿಡ್ಕೊಂಡಿದ್ಲು, "ಮಾಮಾ, ಅದು ಚರ್ಮದ ಒಳಗಿಂದ ಬರ್ತಿದೆ" ಅಂದ್ಲು, ಹೌದು, ಅದರ ತಲೆ ಲಂಗರಿನ ಥರ ಮಾಂಸದೊಳಗೆ ಕಚ್ಕೊಂಡಿರತ್ತೆ. ದಾರದ ತುದಿ ಹಿಡಿದು ಎಳೆದ್ರೆ ಅರ್ಧಕ್ಕೆ ತುಂಡಾಗಿ ತಲೆ ಒಳಗೇ ಉಳಿದು ಕೀವು ಕಟ್ಟತ್ತೆ, ಅದಕ್ಕೆ ಚಿಮಟ ಚರ್ಮಕ್ಕೆ ತಾಗಿಸಿ ಬುಡದಲ್ಲೇ ಹಿಡಿದು ಹುರುಪೆ ಹೋಗೋ ದಿಕ್ಕಿಗೇ, ಅಂದ್ರೆ ಬಾಲದ ಕಡೆಗೆ, ಮೆಲ್ಲಗೆ ಒಂದೇ ಸಮ ಎಳೀಬೇಕು. ಬಂತು, ತುದೀಲಿ ಕೊಂಬಿನಂಥ ತಲೆ ಸಮೇತ. ಗಾಯಕ್ಕೆ ಹತ್ತಿ ಕಡ್ಡೀಲಿ ಒಂದೇ ಒಂದು ಚೂರು ಪೊವಿಡೋನ್ ಅಯೋಡಿನ್ ಮುಟ್ಟಿಸಿ, ಕಿವಿರಿಗೆ ಕಣ್ಣಿಗೆ ಹರೀದಂಗೆ, ವಾಪಸ್ ನೀರಿಗೆ. ಇಷ್ಟೂ ಅರ್ಧ ನಿಮಿಷದೊಳಗೆ ಆಗಬೇಕು, ಆಗದಿದ್ರೆ ನೀರಿಗೆ ಬಿಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಒಂದು ತೆಗೆದ್ರೆ ಮುಗೀಲಿಲ್ಲ, ಮರಿಗಳು ನೀರಲ್ಲಿ ಇರ್ತವೆ, ಡೈಫ್ಲುಬೆನ್ಜುರಾನ್ ಇರೋ ಔಷಧಿ ಸಿಕ್ಕಿದ್ರೆ ಅದೇ ಸರಿಯಾದ್ದು, ವಾರಕ್ಕೊಂದ್ಸಲ ಹಾಗೆ ಕೆಲವು ವಾರ. ಮೀನು ಹೇನೂ ಇದೇ ಔಷಧಿಗೆ ಹೋಗತ್ತೆ, ಅದು ಚಪ್ಪಟೆಯಾಗಿ ಗಾಜಿನ ಬಿಲ್ಲೆ ಥರ ಮೈಗೆ ಅಂಟಿಕೊಂಡು ಓಡಾಡ್ತಿರತ್ತೆ, ಬೆಳಕು ಬಿಟ್ರೆ ಎರಡು ಕಣ್ಣೂ ಕಾಣತ್ತೆ.

ರೆಕ್ಕೆ ಹರಿದು ಅಂಚು ಬೆಳ್ಳಗಾಗಿದ್ರೆ ರೆಕ್ಕೆ ಕೊಳೆತ, ಹೆಚ್ಚಿನಂಶ ಕೆಟ್ಟ ನೀರಿಂದ ಬಂದಿರತ್ತೆ, ನೀರು ಸರಿ ಮಾಡಿದ್ರೆ ಹೊಸ ರೆಕ್ಕೆ ಗಾಜಿನಂತೆ ತೆಳ್ಳಗೆ ಬೆಳೆಯೋದು ಕಾಣತ್ತೆ. ಬುಡದ ತನಕ ಹೋಗಿ ರಕ್ತದ ಗೆರೆ ಕಂಡ್ರೆ ಮಾತ್ರ ಔಷಧಿ ಮಾತು.

ಹೊಟ್ಟೆ ಮೇಲೆ ಮಾಡಿ ತೇಲೋದು ಓರಾಂಡಾ, ಫ್ಯಾನ್‌ಟೇಲ್ ಥರ ಉರುಟು ಮೀನಲ್ಲಿ ಜಾಸ್ತಿ. ಎರಡು ಮೂರು ದಿನ ಉಪವಾಸ, ಆಮೇಲೆ ಬೇಯಿಸಿದ ಬಟಾಣಿ ಸಿಪ್ಪೆ ತೆಗೆದು ಚಿಕ್ಕ ಚೂರು. ತೇಲೋ ಕಾಳಿನ ಬದಲು ಮುಳುಗೋ ಕಾಳಿಗೆ ಬದಲಾಯಿಸಿ. ಎಷ್ಟೋ ಮೀನು ಇದರಲ್ಲೇ ಸರಿ ಹೋಗತ್ತೆ, ಸರಿ ಹೋಗದೇ ಇರೋವು ವಾಲಿಕೊಂಡೇ ವರ್ಷಗಟ್ಟಲೆ ಬದುಕ್ತವೆ, ಊಟ ಮಾಡ್ತಿದ್ರೆ ಅವನ್ನ ಕೈಬಿಡಬೇಡಿ.

ಮೈ ಊದಿ ಹುರುಪೆ ಎಲ್ಲಾ ಎದ್ದು ನಿಂತಿದೆ, ಮೇಲಿಂದ ನೋಡಿದ್ರೆ ಮೈಯೆಲ್ಲಾ ಮುಳ್ಳು ಮುಳ್ಳು, ಅಂದ್ರೆ ಡ್ರಾಪ್ಸಿ. ಒಳಗೆ ಕಿಡ್ನಿ ಕೆಲಸ ನಿಲ್ಲಿಸಿ ನೀರು ತುಂಬಿಕೊಂಡಿರತ್ತೆ. ಇದಕ್ಕೆ ಸಾಮಾನ್ಯ ಉಪ್ಪಲ್ಲ, ಎಪ್ಸಮ್ ಉಪ್ಪು, ಅಂದ್ರೆ ಮೆಗ್ನೀಸಿಯಂ ಸಲ್ಫೇಟು, ತುಂಬಾ ಬೇಗ ಹಿಡಿದ್ರೆ ಒಂದೊಂದು ಉಳಿಯತ್ತೆ, ಹುರುಪೆ ಪೂರ್ತಿ ಎದ್ದ ಮೇಲೆ ಉಳಿಯೋದು ಅಪರೂಪ.

ಹಾಕಬಾರದ್ದು

ಮೆಡಿಕಲ್ ಸ್ಟೋರಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದು ಟ್ಯಾಂಕಿಗೆ ಉದುರಿಸೋದು ನಮ್ಮ ಕಡೆ ದೊಡ್ಡ ಅಭ್ಯಾಸ, ಅಂಗಡಿಯವರೇ ಹೇಳಿಕೊಡ್ತಾರೆ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಔಷಧೀನ ಹಿಡಿದು ಕಟ್ಟಿಹಾಕಿಬಿಡತ್ತೆ, ಮೀನಿನ ಒಳಗೆ ಹೋಗೋದು ಬಹಳ ಕಮ್ಮಿ. ಕೋಲಾರದ ಬೋರ್ ನೀರಲ್ಲಿ ಅದು ದುಡ್ಡು ದಂಡ, ಜೊತೆಗೆ ಫಿಲ್ಟರ್ ಬ್ಯಾಕ್ಟೀರಿಯಾಗೂ ಪೆಟ್ಟು ಬೀಳಬಹುದು. ಆಂಟಿಬಯಾಟಿಕ್ ನಿಜವಾಗಲೂ ಬೇಕಿದ್ರೆ ಊಟದಲ್ಲಿ ಬೆರೆಸಿ ಕೊಡೋದು, ಅದೂ ಪಶುವೈದ್ಯರ ಹತ್ರ ಕೇಳಿ.

ಪೊಟ್ಯಾಶಿಯಂ ಪರ್ಮಾಂಗನೇಟ್ ಚಿಟಿಕೆ ಲೆಕ್ಕದಲ್ಲಿ ಹಾಕೋದು ಇನ್ನೂ ಅಪಾಯ. ಕೊಳಕ್ಕೆ ಹೇಳೋ ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ, 50 ಲೀಟರ್ ಟಬ್ಬಿಗೆ ಅಂದ್ರೆ 0.1 ಗ್ರಾಂ, ಅಡುಗೆಮನೆ ತಕ್ಕಡಿ ಅಷ್ಟು ಚಿಕ್ಕದನ್ನ ತೋರಿಸೋದೇ ಇಲ್ಲ. ಮೇಲಾಗಿ ಪಿಎಚ್ ಜಾಸ್ತಿ ಇರೋ ನೀರಲ್ಲಿ ಅದರಿಂದ ಕಂದು ಪುಡಿ ಕಿವಿರ ಮೇಲೆ ಕೂತು ಉಸಿರು ಕಟ್ಟಿಸತ್ತೆ. ನಮ್ಮ ನೀರಿಗೆ ಇದು ಬೇಡವೇ ಬೇಡ. ಮಿಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣದ ಔಷಧಿ ಹಾಕೋದಾದ್ರೆ ಆಸ್ಪತ್ರೆ ಟಬ್ಬಲ್ಲಿ ಮಾತ್ರ, ದೊಡ್ಡ ಟ್ಯಾಂಕಿಗೆ ಹಾಕಿದ್ರೆ ಫಿಲ್ಟರ್ ಬ್ಯಾಕ್ಟೀರಿಯಾ ಸಾಯತ್ತೆ. ಮ್ಯಾಲಕೈಟ್ ಗ್ರೀನ್ ಅನ್ನೋ ಹಸಿರು ಬಣ್ಣದ ಔಷಧಿ ಬಾಟಲು ಕೈಗವಸು ಇಲ್ದೆ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗಬಾರದು. ಎರಡು ಔಷಧಿ ಒಟ್ಟಿಗೆ ಹಾಕಲೇಬೇಡಿ, ಉಳಿದ್ರೂ ಸತ್ರೂ ಯಾವುದರಿಂದ ಅಂತ ಗೊತ್ತಾಗಲ್ಲ.

ಕರೆಂಟು

ಹಳ್ಳಿ ಕಡೆ ಮೂರು ಗಂಟೆ ನಾಲ್ಕು ಗಂಟೆ ಕರೆಂಟ್ ಹೋಯ್ತು ಅಂದ್ರೆ ಬ್ಯಾಟರಿ ಏರ್ ಪಂಪು ಇರಲೇಬೇಕು. ಡಬ್ಬಿ ಥರ ಮುಚ್ಚಿರೋ ಫಿಲ್ಟರ್ ಆದ್ರೆ ಗಂಟೆಗಟ್ಟಲೆ ನಿಂತ ಮೇಲೆ ಒಳಗಿನ ನೀರು ಕೊಳೆತಿರತ್ತೆ, ಕರೆಂಟ್ ಬಂದ ತಕ್ಷಣ ಆನ್ ಮಾಡಿದ್ರೆ ಅದೆಲ್ಲಾ ಟ್ಯಾಂಕಿಗೆ ಬರತ್ತೆ, ಮೊದಲು ಬಿಚ್ಚಿ ಟ್ಯಾಂಕಿನ ನೀರಲ್ಲೇ ಜಾಲಾಡಿಸಿ.

ಉಳಿಯಲ್ಲ ಅಂತ ಗೊತ್ತಾದಾಗ

ಡ್ರಾಪ್ಸಿ ಪೂರ್ತಿ ಏರಿದೆ, ಊಟ ಬಿಟ್ಟು ದಿನಗಳಾಗಿದೆ, ಒಂದೇ ಕಡೆ ಬಿದ್ದು ನರಳ್ತಿದೆ ಅಂದ್ರೆ ನೋವಿಲ್ಲದೆ ಕಳಿಸಿಕೊಡೋದೂ ನಮ್ಮ ಕೆಲಸಾನೇ. ಫ್ರಿಜ್ಜಲ್ಲಿ ಇಡೋದು, ನೀರಿಂದ ಎತ್ತಿ ಹೊರಗೆ ಬಿಡೋದು ಮಾಡಬೇಡಿ, ಅವೆರಡೂ ಹಿಂಸೆ. ಲವಂಗದ ಎಣ್ಣೆ ಲೀಟರಿಗೆ ಅರ್ಧ ಎಂಎಲ್ ಹತ್ರ, ಸಣ್ಣ ಬಾಟಲಲ್ಲಿ ಉಗುರುಬೆಚ್ಚಗಿನ ನೀರಿನ ಜೊತೆ ಬೆಳ್ಳಗಾಗೋವರೆಗೂ ಕುಲುಕಿ, ಮೊದಲು ಸ್ವಲ್ಪ ಹಾಕಿ ಮೀನಿಗೆ ಪ್ರಜ್ಞೆ ತಪ್ಪಿದ ಮೇಲೆ ಮಿಕ್ಕಿದ್ದು. ಕಿವಿರು ಆಡೋದು ನಿಂತ ಮೇಲೂ ಅರ್ಧ ಗಂಟೆ ಅದೇ ನೀರಲ್ಲಿ ಬಿಡಿ, ಗೋಲ್ಡ್‌ಫಿಶ್ ಗಟ್ಟಿ ಜೀವ, ಮಧ್ಯ ಎತ್ತಿದ್ರೆ ಎಚ್ಚರ ಆಗಬಹುದು.

ಹುಷಾರಾದ ಮೀನನ್ನ ಮಿಕ್ಕ ಮೀನಿನ ಜೊತೆ ಬಿಡೋಕೆ ಮುಂಚೆ ಕೊನೇ ಲಕ್ಷಣ ಹೋದ ದಿನದಿಂದ ನಾಲ್ಕು ವಾರ ಟಬ್ಬಲ್ಲೇ ಇರಲಿ, ಟಬ್ಬಿನ ಬಲೆ, ಪೈಪು, ಬಕೆಟ್ಟು ಬೇರೇನೇ ಇಡಿ. ಸಾಕೋಕೆ ಜಾಗ ಇಲ್ಲ ಅಂದ್ರೆ ಇನ್ನೊಬ್ಬರನ್ನ ಹುಡುಕಿ ಕೊಡಿ, ಕೋಲಾರಮ್ಮನ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ತುಮಕೂರು ಅಮಾನಿಕೆರೆಗೋ ಬಿಟ್ಟು ಬರಬೇಡಿ, ಈ ಮೀನಿನ ಮೈಯಲ್ಲಿದ್ದ ಹುಳ ಅಲ್ಲಿನ ಮೀನಿಗೆ ಹತ್ಕೊಳ್ಳತ್ತೆ, ಬದುಕಿದ್ರೆ ತಳ ಕೆದಕಿ ನೀರು ಬಗ್ಗಡ ಮಾಡತ್ತೆ, ಕೆಂಪು ಬಣ್ಣ ನೋಡಿದ ಕೊಕ್ಕರೆ ಮೊದಲನೇ ದಿನಾನೇ ಎತ್ಕೊಂಡು ಹೋದ್ರೂ ಆಶ್ಚರ್ಯ ಇಲ್ಲ.